ಕರಿ ಟರ್ಕಿಯ ಒಂಬತ್ತು ಮರಿಗಳು

ಟರ್ಕಿ ಅಂದರೆ ಎಲ್ಲವೂ ಒಂದೇ, ದೊಡ್ಡದೊಂದು ಕೋಳಿ, ಕೊರಳಲ್ಲಿ ಕೆಂಪು ಜೋತಾಡುತ್ತದೆ ಅಷ್ಟೇ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೂ ದನಿ ಏರಿಸುವವಳಲ್ಲ ನಾನು. "ಬರ್ರಿ, ಒಂದೀಟು ಹಿತ್ತಲಿಗೆ ಬರ್ರಿ" ಎಂದು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ನಮ್ಮದು ಆಳಂದ ತಾಲ್ಲೂಕು, ಮಟಕಿಯ ಹತ್ತಿರದ ಊರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಹಿತ್ತಲಲ್ಲಿ ಎಮ್ಮೆ ಇತ್ತು, ಬೆಕ್ಕಿತ್ತು, ಕೋಳಿ ಎಂಬುದು ಯಾವ ಕಾಲಕ್ಕೂ ಇರಲಿಲ್ಲ. ಟರ್ಕಿ ಬಂದದ್ದು ತೊಗರಿಯ ಸಲುವಾಗಿ. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಸಿರು ಹುಳ ಬೀಳುತ್ತದಲ್ಲ, ಆಗ ಗಿಡ ಹಿಡಿದು ಅಲ್ಲಾಡಿಸಿ ಹುಳ ಉದುರಿಸಬೇಕು, ಹಿಂದೆ ಹಕ್ಕಿ ಬಿಟ್ಟರೆ ಆರಿಸಿ ತಿನ್ನುತ್ತವೆ ಎಂದು ನಮ್ಮವರು ಯಾವುದೋ ರೈತರ ಸಭೆಯಲ್ಲಿ ಕೇಳಿಕೊಂಡು ಬಂದರು. ವಾರ ಕಳೆಯುವುದರೊಳಗೆ ಕಲಬುರಗಿಯ ಆಚೆಯಿಂದ ಟೆಂಪೋದಲ್ಲಿ ಏಳು ಟರ್ಕಿ ಇಳಿದವು. ತಳಿ ಕೇಳಿ ತಂದದ್ದಲ್ಲ, ಅಲ್ಲಿಯವರು ಕೊಟ್ಟದ್ದನ್ನು ತಂದದ್ದು. ಹಾಗಾಗಿ ನಾಲ್ಕು ಬಗೆ ಬಂದವು.

ಅತ್ತೆ ಹೊಸ್ತಿಲಲ್ಲಿ ನಿಂತು, "ಕೋಳಿ ಅಂದ್ರ ಕೋಳಿನ. ನಮ್ಮ ಮನ್ಯಾಗ ಬ್ಯಾಡ" ಅಂದರು.

"ಇವು ಕೋಳಿ ಅಲ್ಲಬೇ ಅವ್ವಾ, ಔಷಧ ಹೊಡಿಯೋ ಮಷಿನ್" ಅಂದರು ನಮ್ಮವರು. ಅತ್ತೆಗೆ ನಗು ಬಂತು. ನಕ್ಕ ಮೇಲೆ ಬ್ಯಾಡ ಅನ್ನಲು ಬರುವುದಿಲ್ಲ.

ಹೊಲಕ್ಕೆ ಬಿಟ್ಟ ಮೊದಲ ದಿನವೇ ಏಳರ ಗುಣವೂ ಗೊತ್ತಾಯಿತು. ಕರಿ ಹೇಂಟೆ ಒಂದೇ ಒಂದು. ಮೈ ಸಣ್ಣದು, ಕಾಲು ಚುರುಕು. ನಾವು ಅಲ್ಲಾಡಿಸುವ ಸಾಲಿಗಿಂತ ಮೂರು ಸಾಲು ಮುಂದೆ ಇರುತ್ತಿತ್ತು, ಬದು ಬಂದರೆ ಹಾರಿ ದಾಟುತ್ತಿತ್ತು. ಕಂಚಿನ ಬಣ್ಣದವು ಒಂದು ಹುಂಜ, ಒಂದು ಹೇಂಟೆ. ನೆರಳಲ್ಲಿ ನೋಡಿದರೆ ಬರೀ ಕಪ್ಪು, ಬಿಸಿಲು ಬಿತ್ತೆಂದರೆ ತಿಕ್ಕಿಟ್ಟ ತಾಮ್ರದ ಕೊಡದ ಹಾಗೆ ಹೊಳೆಯುತ್ತವೆ, ನಡುನಡುವೆ ಹಸಿರು. ಹೇಂಟೆಯ ಎದೆಯ ಗರಿಗಳ ತುದಿಗೆ ಬಿಳಿ ಅಂಚು, ಲಂಗಕ್ಕೆ ಪಟ್ಟಿ ಹೊಲಿದಂತೆ. ಅವು ನಮ್ಮ ಹಿಂದೆಯೇ, ಸಮನಾಗಿ, ಆಳಿನ ಹಾಗೆ ನಡೆದವು. ಸಣ್ಣ ಬಿಳಿ ಹೇಂಟೆಗಳು ಎರಡು, ಒಂದನ್ನೊಂದು ಬಿಟ್ಟು ಹೋಗವು, ಹೊಟ್ಟೆ ತುಂಬಿದ ಕೂಡಲೇ ತಮ್ಮಷ್ಟಕ್ಕೆ ಮನೆಯ ದಾರಿ ಹಿಡಿದವು. ದೊಡ್ಡ ಬಿಳಿಯ ಗಂಡುಗಳೂ ಎರಡು. ಎದೆ ಇಷ್ಟಗಲ. ಹತ್ತು ಹೆಜ್ಜೆಗೆ ಏದುಸಿರು. ಬೇವಿನ ಕೆಳಗೆ ಕೂತು ಬಾಯಿ ತೆರೆದುಕೊಂಡು, ಹುಳ ಯಾರಾದರೂ ತಂದುಕೊಟ್ಟಾರು ಎಂದು ಕಾದವು.

"ನೋಡು, ಇವು ಸಾಹುಕಾರ್ರು" ಅಂದರು ಅತ್ತೆ. ಸೆರಗು ಸೊಂಟಕ್ಕೆ ಸಿಗಿಸಿ ಅವರೂ ಒಂದು ಸಾಲು ಗಿಡ ಅಲ್ಲಾಡಿಸಿದರು. ಉದುರಿದ ಹುಳಗಳನ್ನು ಕಂಚಿನ ಹುಂಜ ನುಂಗುವುದನ್ನು ನೋಡಿ, "ತಿನ್ನು, ತಿನ್ನು, ನನ್ನಪ್ಪಾ" ಅಂದರು. ನನ್ನ ಕಿವಿಯಾರೆ ಕೇಳಿದ್ದೇನೆ.

ಚಳಿ ಮುಗಿಯಿತು, ತೊಗರಿ ರಾಶಿಯಾಯಿತು. ಹೇಂಟೆಗಳು ತತ್ತಿ ಇಡಲು ಶುರು ಮಾಡಿದವು. ಕೆನೆಬಣ್ಣದ ತತ್ತಿ, ಮೇಲೆ ಚಹಾ ಸಿಡಿದಂತೆ ಕಂದು ಚುಕ್ಕೆ. ಸಾಹುಕಾರರು ಬಾಲದ ಬೀಸಣಿಗೆ ಬಿಚ್ಚಿ ಗುಳುಗುಳು ಸದ್ದು ಮಾಡಿದ್ದಷ್ಟೇ ಬಂತು, ಮೈಭಾರಕ್ಕೆ ಅವುಗಳಿಂದ ಸಂಸಾರ ಆಗಲಿಲ್ಲ. ಸಂಸಾರವೆಲ್ಲ ಕಂಚಿನ ಹುಂಜದ್ದೇ. ಅದರ ಉಗುರಿಗೆ ಹೇಂಟೆಗಳ ಬೆನ್ನು ಗೀರಿ ರಕ್ತ ಬರುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ್ದರು, ಉಳಿದ ಖಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟುವ ಹಾಗೆ ನಾಲ್ಕು ಕವಚ ಹೊಲಿದೆ. ಪಕ್ಕದ ಮನೆಯ ಆಪಾ ಗೋಡೆಯ ಮೇಲಿಂದ ಬಗ್ಗಿ, "ಅರೇ, ಕೋಳಿಗೆ ಕುಪ್ಪಸ! ನನಗೂ ಒಂದು ಹೊಲ್ದು ಕೊಡು ಬೇ, ಈದ್‌ಗೆ ಹಾಕ್ಕೋತೀನಿ" ಎಂದು ನಕ್ಕರು. ನಗಲಿ. ಗಾಯ ಮಾಯಿತು.

ಸಣ್ಣ ಬಿಳಿಯದು ಮೊದಲು ಕಾವಿಗೆ ಕೂತಿತು. ಇಪ್ಪತ್ತೆಂಟು ದಿನ. ಹೋಳಿ ಹುಣ್ಣಿಮೆಯ ಸುಮಾರಿಗೆ ಹನ್ನೊಂದು ಮರಿ ಎದ್ದವು. ಜೋಳದ ನುಚ್ಚು ಹಾಕಿದೆವು. ಕೋಳಿಮರಿಯಂತಲ್ಲ ಟರ್ಕಿಮರಿ. ತಟ್ಟೆಯ ಪಕ್ಕದಲ್ಲೇ ನಿಂತಿರುತ್ತದೆ, ಅದು ಅನ್ನ ಎಂದು ಅದಕ್ಕೆ ತಿಳಿಯುವುದಿಲ್ಲ. ತಿಳಿದು ತಿಂದರೂ ಬರೀ ನುಚ್ಚಿಗೆ ಜೀವ ಹಿಡಿಯುವುದಿಲ್ಲ. ಒಂದು ದಿನ ಎರಡು ಸತ್ತವು, ಮರುದಿನ ಮೂರು. ಯುಗಾದಿಗೆ ಒಂದೂ ಉಳಿದಿರಲಿಲ್ಲ. ಕೊನೆಯದು ನನ್ನ ಅಂಗೈಯಲ್ಲೇ ಕಣ್ಣು ಮುಚ್ಚಿತು. ರೆಪ್ಪೆ ಕೆಳಗಿನಿಂದ ಮೇಲಕ್ಕೆ ಬಂತು.

"ಅವುಗಳ ಹಣೆಬರಹ" ಅಂದರು ಅತ್ತೆ.

ಹಣೆಬರಹ ಅಲ್ಲ. ನನಗೆ ಗೊತ್ತಿತ್ತು. ನನ್ನ ತವರು ಜೇವರ್ಗಿ ಕಡೆಯ ಕೊಳಕೂರ. ಅಪ್ಪ ನನ್ನನ್ನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿಸಿ ಹಾಸ್ಟೆಲಿನಲ್ಲಿ ಬಿಟ್ಟಿದ್ದ. ಅಲ್ಲಿ ಅಡುಗೆಮನೆ ನೋಡಿಕೊಳ್ಳುವ ಸಿಸ್ಟರ್ ಒಬ್ಬರು ಟರ್ಕಿ ಸಾಕಿದ್ದರು. ಹೊಸ ಮರಿಗಳ ತಟ್ಟೆಯಲ್ಲಿ ಬಣ್ಣದ ಗೋಲಿ ಹಾಕುತ್ತಿದ್ದರು. ಮರಿ ಹೊಳಪಿಗೆ ಕೊಕ್ಕು ಹಾಕುತ್ತದೆ, ಕುಕ್ಕುತ್ತಾ ಕುಕ್ಕುತ್ತಾ ಬಾಯಿಗೆ ಕಾಳು ಸಿಕ್ಕಿ ರುಚಿ ತಿಳಿಯುತ್ತದೆ. ಕಾಳಿನ ಜೊತೆ ಕುದಿಸಿದ ತತ್ತಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಹಸಿರು ತಪ್ಪಲು. ಬೇರೆ ಮೇಜಿನಲ್ಲಿ ಕೂತು ಉಣ್ಣುವ ಲಿಂಗವಂತರ ಹುಡುಗಿ ನಾನು, ತತ್ತಿಯ ವಾಸನೆಗೆ ಮೂಗು ಮುಚ್ಚಿಕೊಂಡು ಎಲ್ಲವನ್ನೂ ನೋಡಿದ್ದೆ. ಮರಿಗಳು ಸಾಯುತ್ತಿದ್ದ ಅಷ್ಟೂ ದಿನ ಆ ತಟ್ಟೆ ನನ್ನ ಕಣ್ಣಮುಂದಿತ್ತು. ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ತತ್ತಿ ಎಂಬ ಮಾತು ಹೇಗೆ ಆಡುವುದು ಎಂದು ಸುಮ್ಮನಿದ್ದೆ. ಹನ್ನೊಂದು ಮರಿ ನನ್ನ ಸಭ್ಯತೆಗೆ ಸತ್ತವು.

ಇತ್ತ ಕರಿ ಹೇಂಟೆ ಕಾಣೆಯಾಗಿತ್ತು. ನಾಯಿಯ ಪಾಲಾಯಿತು ಎಂದುಕೊಂಡಿದ್ದೆವು. ಬಸವ ಜಯಂತಿಗೆ ನಾಲ್ಕು ದಿನ ಇರುವಾಗ, ಒಲೆಗೆಂದು ಒಟ್ಟಿದ್ದ ತೊಗರಿಕಟ್ಟಿಗೆಯ ಬಣವೆಯ ಅಡಿಯಿಂದ ಅದು ಹೊರಗೆ ಬಂತು. ಬಡವಾಗಿತ್ತು. ಹಿಂದೆ ಒಂಬತ್ತು ಮರಿ. ಕರಿಯ ಸ್ವಭಾವವೇ ಹಾಗೆ. ಉಳಿದವು ನಾವು ತೋರಿಸಿದ ಜಾಗದಲ್ಲಿ ತತ್ತಿ ಇಡುತ್ತವೆ, ಇದು ಮಾತ್ರ ಯಾರನ್ನೂ ನಂಬದೆ ಬಚ್ಚಿಟ್ಟು ಮರಿ ಮಾಡುತ್ತದೆ. ಒಂದು ತಿಂಗಳು ಒಬ್ಬಂಟಿಯಾಗಿ ಕಾವು ಕೊಟ್ಟು ನನ್ನ ಮುಂದೆ ತಂದು ನಿಲ್ಲಿಸಿದೆ. ಈಗಲೂ ಸುಮ್ಮನಿದ್ದರೆ ನಾನು ಮನುಷ್ಯಳಲ್ಲ.

ನೇರ ಒಳಗೆ ಹೋದೆ. ಅತ್ತೆ ಪೂಜೆಗೆ ಕೂರುವವರಿದ್ದರು.

"ಅತ್ತಿ, ಕರೀದು ಒಂಬತ್ತು ಮರಿ ಕರಕೊಂಡು ಬಂದೈತ್ರಿ."

"ಬರ್ಲಿ. ನುಚ್ಚು ಹಾಕು."

"ನುಚ್ಚಿಗೆ ಬದುಕಂಗಿಲ್ರಿ. ಕುದಿಸಿದ ತತ್ತಿ ಬೇಕು."

ವಿಭೂತಿ ಹಚ್ಚುತ್ತಿದ್ದ ಮೂರು ಬೆರಳು ಹಣೆಯ ನಡುವೆಯೇ ನಿಂತವು. "ಏನಂದಿ?"

"ಹಿತ್ತಲದಾಗ ಬ್ಯಾರೆ ಒಲಿ ಹೂಡಿ ಕುದಿಸ್ತೇನ್ರಿ. ನಿಮಗ ಹೇಳೇ ಮಾಡಬೇಕಂತ ಹೇಳಾಕತ್ತೇನಿ."

"ಇಷ್ಟು ವರ್ಷ ಎದುರು ಮಾತಾಡಿದಾಕಿ ಅಲ್ಲ ನೀ. ಒಂದು ಹಕ್ಕಿಮರಿ ಸಲುವಾಗಿ ನನಗ ಎದುರು ನಿಲ್ತಿ?"

"ನಿಲ್ತೇನ್ರಿ."

"ತತ್ತಿ ಕುದ್ದ ಮನ್ಯಾಗ ನಾ ನೀರು ಕುಡ್ಯಂಗಿಲ್ಲ. ಕೇಳಿಸ್ತಿಲ್ಲೋ?"

ಕೇಳಿಸಿತ್ತು. ನಮ್ಮವರಿಗೂ ಕೇಳಿಸಿತ್ತು. ಅಂಗಳದಲ್ಲಿ ನನ್ನನ್ನು ತಡೆದು, "ಆಪಾನ ಮನ್ಯಾಗ ಕುದಿಸಿಕೊಂಡು ಬಾ. ಅವ್ವಗ ಗೊತ್ತಾಗೋದು ಬ್ಯಾಡ" ಎಂದು ಪಿಸುಗುಟ್ಟಿದರು. ಗೋಡೆಯಾಚೆಯಿಂದ ಆಪಾ, "ಕೊಡು, ನಾ ಕುದಿಸ್ತೀನಿ. ಯಾರ್ಗೂ ಹೇಳಂಗಿಲ್ಲ, ಅಲ್ಲಾ ಖಸಂ" ಅಂದರು. ಒಳ್ಳೆಯ ಮನಸ್ಸು. ಆದರೆ ಕದ್ದು ಯಾಕೆ? ತಪ್ಪು ಮಾಡುವವರು ಕದ್ದು ಮಾಡುತ್ತಾರೆ.

ಹಿತ್ತಲ ತತ್ತಿಗಳಲ್ಲಿ ಮರಿ ಆಗುತ್ತವೆ, ಅವನ್ನು ಕುದಿಸಲಾರೆ ಎಂದು ಕಿರಾಣಿ ಅಂಗಡಿಗೆ ನಾನೇ ಹೋದೆ. ಆರು ತತ್ತಿ ಕೇಳಿದೆ. ಅಂಗಡಿಯವನು ಒಮ್ಮೆ ನನ್ನ ಮುಖ, ಒಮ್ಮೆ ಕೊರಳು ನೋಡಿ, ತತ್ತಿಯನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೊಂದು ಕರಿ ಕ್ಯಾರಿಬ್ಯಾಗ್ ಹಾಕಿ ಗಂಟು ಬಿಗಿದ. ನಮ್ಮಂಥ ಮನೆಗಳಿಗೆ ಹಾಗೆ ಕಟ್ಟಿಕೊಡುವುದು ಅವನಿಗೆ ರೂಢಿ. ಆ ಗಂಟು ನೋಡಿದಾಗ ನನಗೆ ತಿಳಿಯಿತು, ನನಗಿಂತ ಮುಂಚೆ ಇಲ್ಲಿಗೆ ಬೇಕಾದಷ್ಟು ಜನ ಬಂದು ಹೋಗಿದ್ದಾರೆ.

"ಬ್ಯಾಡ್ರಿ ಅಣ್ಣಾ, ಹಂಗೇ ಕೊಡ್ರಿ."

"ಅಕ್ಕಾರ, ಓಣ್ಯಾಗ ಮಂದಿ..."

"ಮಂದಿಗೆ ಕಾಣ್ಲಿ."

ಸೆರಗನ್ನು ಜೋಳಿಗೆ ಮಾಡಿ ಆರು ಬಿಳಿ ತತ್ತಿ ಅದರಲ್ಲಿಟ್ಟುಕೊಂಡು, ಹನ್ನೊಂದು ಗಂಟೆಯ ಬಿಸಿಲಲ್ಲಿ, ಓಣಿಯ ನಡುವೆ ನಡೆದೆ. ಕಟ್ಟೆಯ ಮೇಲೆ ಕೂತಿದ್ದವರು ಕತ್ತು ಚಾಚಿದರು. "ಕಾನ್ವೆಂಟ್ ಅಕ್ಕನ ಉಡ್ಯಾಗ ಏನೈತೋ ನೋಡ್ರೋ" ಎಂದು ಒಬ್ಬ ಅಂದ. "ತತ್ತಿ ಐತಿ" ಅಂದೆ. ಅವರತ್ತ ನೋಡದೆ ಹೆಜ್ಜೆ ಬಿರುಸು ಮಾಡಿದೆ. ಅದನ್ನೂ ಬರೆಯಬೇಕು.

ಮೂರು ಕಲ್ಲು ಹೂಡಿದೆ, ತೊಗರಿಕಟ್ಟಿಗೆ ಮುರಿದು ಬೆಂಕಿ ಮಾಡಿದೆ, ಎಮ್ಮೆಗೆ ನೀರಿಡುತ್ತಿದ್ದ ಹಳೆಯ ಪಾತ್ರೆ ಇಟ್ಟೆ. ಎಷ್ಟು ಹೊತ್ತು ಕುದಿಸಬೇಕು ಎಂದು ತಿಳಿಯದೆ, ಆಪಾರನ್ನು ಕೂಗಿ ಕೇಳಿದೆ. ಹಿಂಬಾಗಿಲಿಗೆ ಅತ್ತೆ ಬಂದು ನಿಂತರು.

"ಒಂದು ಜೀವ ಕುದಿಸಿ ಇನ್ನೊಂದು ಜೀವಕ್ಕ ಉಣಸ್ತಿ. ಇದೇನು ಧರ್ಮ?"

"ಫಾರಂ ತತ್ತಿ ಅತ್ತಿ. ಇದರಾಗ ಮರಿ ಆಗಂಗಿಲ್ಲ."

"ಮಾತು ತಿರುಗಿಸಬ್ಯಾಡ."

"ಹಂಗಾರ ಹುಳ, ಅತ್ತಿ? ಹೊಲದಾಗ ಗಿಡ ಅಲ್ಲಾಡಿಸಿ ಟರ್ಕಿ ಬಾಯಾಗ ಹಾಕಿದ್ವಲ್ಲ. ಅವಕ್ಕ ಜೀವ ಇರ್ಲಿಲ್ಲೇನ್ರಿ? ನೀವೂ ಅಲ್ಲಾಡಿಸಿದ್ರಿ. ತಿನ್ನು ನನ್ನಪ್ಪಾ ಅಂದ್ರಿ. ತೊಗರಿ ಉಳಿಬೇಕಾದ್ರ ಧರ್ಮ ಅಡ್ಡ ಬರ್ಲಿಲ್ಲ, ಮರಿ ಉಳಿಬೇಕಾದ್ರ ಬಂತು."

ಅತ್ತೆ ಬಾಗಿಲಿಂದ ಸರಿದರು. ಒಳಗೆ ಹೋಗಿ, ಎರಡು ಸೀರೆ, ಪೂಜೆಯ ಸಾಮಾನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅಫಜಲಪುರದಲ್ಲಿ ಮಗಳ ಮನೆ ಇದೆ. ನಮ್ಮವರು ಹಿಂದೆ ಓಡಿದರು, ಖಾಲಿ ಕೈಯಲ್ಲಿ ತಿರುಗಿ ಬಂದರು. ಸಂಜೆಗೆ ಕೊಳಕೂರದಿಂದ ನಮ್ಮವ್ವನ ಫೋನು. "ಕಾನ್ವೆಂಟಿಗೆ ಹಾಕಿದ್ದು ನಿಮ್ಮಪ್ಪನ ತಪ್ಪು. ನಾಳೇನ ಹೋಗಿ ಕಾಲು ಹಿಡಿ."

"ಮರಿಗೆ ರೆಕ್ಕಿ ಬರ್ಲಿ, ಹೋಗ್ತೇನಿ. ಕಾಲು ಹಿಡ್ಯಂಗಿಲ್ಲ" ಅಂದೆ. ಅವ್ವ ಫೋನಿಟ್ಟಳು.

ಬಸವ ಜಯಂತಿಯ ದಿನ ಮನೆಯಲ್ಲಿ ಹೋಳಿಗೆ ಮಾಡಿದೆ, ಅತ್ತೆಯ ಮಣೆ ಖಾಲಿ ಇತ್ತು. ನಮ್ಮವರು ಎರಡು ತುತ್ತು ತಿಂದು ಎದ್ದರು. ನಾನೂ ತಾಟು ಸರಿಸಿದೆ. ಆದರೂ ಎದ್ದು ಹೋಗಿ ತತ್ತಿ ಕುದಿಸಿದೆ. ಸೆರಗು ಮೂಗಿಗೆ ಬಿಗಿದುಕೊಂಡು ಕೈಯಿಂದ ಪುಡಿ ಮಾಡಿದೆ. ತಟ್ಟೆಯಲ್ಲಿ ಕೆಂಪು, ಹಸಿರು ಗೋಲಿ. ಮೊದಲ ಮರಿ ಗೋಲಿಗೆ ಟಕ್ ಎಂದು ಕುಕ್ಕಿತು, ಕೊಕ್ಕಿಗೆ ಹಳದಿ ಅಂಟಿತು, ತಲೆ ಕೊಡವಿತು, ಮತ್ತೆ ಕುಕ್ಕಿತು. ಅದನ್ನು ನೋಡಿ ಉಳಿದವು. ಒಂದೇ ಒಂದು ಹೋಯಿತು. ಅದೂ ಹಸಿವಿಗಲ್ಲ. ಸಾಹುಕಾರರಲ್ಲಿ ಒಂದು ಅದರ ಮೇಲೆ ಕಾಲಿಟ್ಟಿತು, ತಾನು ಏನು ತುಳಿದೆ ಎಂದು ಅದಕ್ಕೆ ತಿಳಿಯಲೂ ಇಲ್ಲ. ಎಂಟು ಉಳಿದವು.

ರೆಕ್ಕೆ ಮೂಡಿದ ಮೇಲೆ ಅಫಜಲಪುರಕ್ಕೆ ಹೋದೆ. ಅತ್ತೆ ಮಗಳ ಪಡಸಾಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದರು. ನಾದಿನಿ ನೀರು ಕೊಟ್ಟು ಒಳಗೆ ಸರಿದಳು, ಆದರೆ ಬಾಗಿಲ ಹಿಂದೆಯೇ ನಿಂತಳು, ಬಳೆ ಸದ್ದು ಕೇಳುತ್ತಿತ್ತು.

"ಕರಕೊಂಡು ಹೋಗಾಕ ಬಂದೇನ್ರಿ. ತಪ್ಪಾತು ಅನ್ನಾಕ ಬಂದಿಲ್ಲ."

"ಒಲಿ?"

"ಹಿತ್ತಲದಾಗೇ ಐತ್ರಿ. ಕಂಚಿನ ಹೇಂಟೆ ಕಾವಿಗೆ ಕೂತೈತಿ. ಮತ್ತ ಹಚ್ಚತೇನಿ."

ಅತ್ತೆ ಒಂದು ಕಲ್ಲು ಹೆಕ್ಕಿ ಎಸೆದರು. "ಎಷ್ಟು ಉಳದಾವ?" ಅಂದರು.

"ಎಂಟು."

"ಎಲ್ಲಾ ಕರೇವೇನು?"

"ಮೂರು ಕರೇವು. ಐದಕ್ಕ ಬಿಸಿಲಿಗೆ ಹಿಡಿದ್ರ ಕಂಚಿನ ಹೊಳಪು ಬರ್ತೈತಿ. ಅಪ್ಪನ ಹೋಲಿಕಿ."

ಅವತ್ತು ಬರಲಿಲ್ಲ. ನಾಲ್ಕು ದಿನ ಬಿಟ್ಟು ತಾವೇ ಬಸ್ಸಿಳಿದು ಬಂದರು. ಹಿತ್ತಲ ಒಲೆ ಹಚ್ಚಿದ ದಿನ ಈಗಲೂ ನನ್ನ ಕೈಯ ನೀರು ಮುಟ್ಟುವುದಿಲ್ಲ, ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳುತ್ತಾರೆ. ನಾನು ತಡೆಯುವುದಿಲ್ಲ. ಮುಂದಿನ ತೊಗರಿಗೆ ಹುಳ ಬಿದ್ದಾಗ ಅವರು ಗಿಡವನ್ನೂ ಮುಟ್ಟಲಿಲ್ಲ. "ನೀ ಅಂದದ್ದು ಖರೇ ಇತ್ತು. ಅದೂ ಜೀವ" ಎಂದು ಬದುವಿನ ಮೇಲೆ ಕೈಕಟ್ಟಿ ನಿಂತರು. ಆ ಸಾಲನ್ನೂ ನಾನೇ ಅಲ್ಲಾಡಿಸಿದೆ. ಅವರು ಹಠಮಾರಿ ಅಂದುಕೊಂಡಿದ್ದೆ, ಹಠಕ್ಕಿಂತ ದೊಡ್ಡದೇನೋ ಅವರಲ್ಲಿದೆ ಎಂದು ಅವತ್ತು ಒಪ್ಪಿಕೊಂಡೆ. ಒಲೆ ಮಾತ್ರ ತೆಗೆಯಲಿಲ್ಲ.

ಮೊನ್ನೆ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು, ನಮ್ಮ ಹಾಗೇ ಲಿಂಗವಂತರ ಮನೆಯವಳು. ಮರಿ ಬೇಕಂತೆ. ಯಾವುದು ಚಲೋ ಎಂದು ಕೇಳಿದಳು. ಬೆಳವಣಿಗೆಗೆ ದೊಡ್ಡ ಬಿಳಿ, ತತ್ತಿಗೆ ಸಣ್ಣ ಬಿಳಿ, ಹೊಲಕ್ಕೆ ಕಂಚು, ತಾನೇ ಬದುಕಿಕೊಳ್ಳಬೇಕೆಂದರೆ ಕರಿ ಎಂದು ಹೇಳಿದೆ. ಕರಿಯನ್ನು ಆರಿಸಿಕೊಂಡು, ಆಮೇಲೆ ದನಿ ತಗ್ಗಿಸಿ, "ತತ್ತಿ ಕುದಿಸಬೇಕಂತಲ್ರಿ? ನಮ್ಮ ಮನ್ಯಾಗ ಗೊತ್ತಾಗದಂಗ ಎಲ್ಲಿ ಕುದಿಸ್ಲಿ?" ಅಂದಳು.

"ಗೊತ್ತಾಗೋ ಹಂಗ ಕುದಿಸೋದಾದ್ರ ಮರಿ ಒಯ್ಯಿ. ಇಲ್ಲಂದ್ರ ಇಲ್ಲ" ಅಂದೆ.

ಅವಳ ಮುಖ ಸಣ್ಣದಾಯಿತು. ನನ್ನ ಮಾತು ಬಿರುಸಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಒಳಗಿಂದ ಅತ್ತೆಯ ದನಿ ಬಂತು.

"ಕುದಿಸಬ್ಯಾಡ ಅಂತೇನಿ ನಾ. ಆದ್ರ ಕುದಿಸೋದಾದ್ರ, ತಂಗೀ, ನಮ್ಮ ಸೊಸಿ ಅಂದಂಗ ಮಾಡು. ಕದ್ದು ಮಾಡಬ್ಯಾಡ."

ಅವಳು ಬುಟ್ಟಿ ಮುಂದೆ ಚಾಚಿದಳು. ಈ ವರ್ಷದ ನಾಲ್ಕು ಕರಿ ಮರಿ ಎತ್ತಿ ಹಾಕಿ, ಮೇಲೆ ಬಟ್ಟೆ ಮುಚ್ಚದೆ ಕಳಿಸಿದೆ.