ಕಲಿಸಬಾರದ ಗುಂಪು

ಅವರು ರವೀಂದ್ರನಗರದ ನಮ್ಮ ಮನೆಗೇ ಬಂದಿದ್ದರೋ, ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಕಾಲೇಜಿಗೆ ಬಂದಿದ್ದರೋ ಎಂದು ಈಗ ಅನುಮಾನ. ಹೆಂಡತಿ ನಡುವೆ ಬಾಯಿ ಹಾಕಿದ್ದು ನೆನಪಿದೆ. ಹಾಗಾಗಿ ಮನೆಯೇ ಇರಬೇಕು.

ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುತ್ತಿದ್ದವರು ಅವರು; ಅದರ ಅಂಕಿಅಂಶದ ಲೆಕ್ಕ ಹಾಕಿಸಲು ಬಂದಿದ್ದರು. ಮಗುವಿಗೆ ಭೇದಿಯಾದರೆ ಏನು ಮಾಡಬೇಕೆಂದು ತಾಯಂದಿರಿಗೆ ಕಲಿಸಿದರೆ ಎಷ್ಟು ಉಪಯೋಗ ಎಂಬುದು ವಿಷಯ. ವಿನೋಬನಗರದ ತಾಯಂದಿರಿಗೆ ಪ್ರಶ್ನೆ, ಆಮೇಲೆ ಪಾಠ. ಭದ್ರಾವತಿಯ ಕ್ವಾರ್ಟರ್ಸ್‌ನವರಿಗೆ ಬರೀ ಪ್ರಶ್ನೆ. ತಿಂಗಳು ಬಿಟ್ಟು ಎರಡೂ ಕಡೆ ಮತ್ತೆ ಅದೇ ಪ್ರಶ್ನೆ. ಎರಡೂ ಕಡೆಯ ಅಂಕದಲ್ಲಿ ವ್ಯತ್ಯಾಸ ಕಂಡರೆ ಪ್ರಬಂಧ ಉಳಿಯಿತು.

ಕಾಣಲಿಲ್ಲ. ಮತ್ತೆ ಲೆಕ್ಕ ಹಾಕಿದೆ. ಪಾಠವೇ ಇಲ್ಲದ ಭದ್ರಾವತಿಯವರ ಅಂಕವೂ ಅಷ್ಟೇ ಏರಿತ್ತು.

"ಸಿಸ್ಟರ್, ಅಲ್ಲಿಯವರಿಗೆ ಯಾರಾದರೂ ಹೇಳಿಕೊಟ್ರಾ?"

"ನಾನೇ ಸರ್."

ಬೆಚ್ಚಿ ಪೆನ್ನು ಕೆಳಗಿಟ್ಟೆ.

"ಭೇದಿಯಾದ ಮಗುವಿಗೆ ನೀರು ಕೊಡಬಾರದು ಅಂದ್ಲು ಒಬ್ಬಳು. ಬರ್ಕೊಂಡು ಸುಮ್ನೆ ಎದ್ದು ಬರೋಕಾಗುತ್ತಾ?"

"ಎಲ್ಲರಿಗೂ ಹೇಳಿದ್ರಾ?"

"ಇಲ್ಲ ಸರ್. ತಪ್ಪು ಹೇಳಿದವರಿಗೆ ಮಾತ್ರ."

ಕಾಫಿ ತಂದ ಹೆಂಡತಿ ನನ್ನ ಮುಖ ನೋಡಿದಳು. "ಸಾವಿನ ಮನೆಗೆ ಬಂದಂಗೆ ಕೂತಿದ್ದೀರಲ್ಲ ಮಾರಾಯ್ರೆ. ಆ ಮಕ್ಕಳು ಬದುಕ್ಕೊಂಡ್ವು ತಾನೆ?"

"ಇವರ ಪಿಎಚ್.ಡಿ. ಬದುಕಲ್ಲ," ಅಂದೆ.

ಅವರು ಅಳಲಿಲ್ಲ. "ಭದ್ರಾವತಿಯಲ್ಲೇ ಬೇರೆ ಬಡಾವಣೆ ಹುಡುಕಿ, ನರ್ಸ್ ಅಲ್ಲದವರಿಂದ ಪ್ರಶ್ನೆ ಕೇಳಿಸಿ, ಎರಡನೇ ಸಲದ ಉತ್ತರ ಕೈಗೆ ಬಂದ ಮೇಲೆ ಬೇಕಾದ್ದು ಕಲಿಸಿ," ಎಂದೆ. ಬಿ.ಕಾಂ. ಓದಿದ ತಂಗಿಯನ್ನು ಕಳಿಸಿದರು. "ನಾನು ಒಳಗೆ ಕಾಲಿಟ್ರೆ ಬಾಯಿ ಸುಮ್ನಿರಲ್ಲ ಸರ್."

ಈ ಸಲ ವ್ಯತ್ಯಾಸ ಎದ್ದು ಕಂಡಿತು. ಖುಷಿಯಲ್ಲಿ ಹಾಳೆಯನ್ನು ಅವರತ್ತ ತಿರುಗಿಸಿದೆ. ಅವರ ಕಣ್ಣು ಹೋದದ್ದು ಕಲಿಸದ ಗುಂಪಿನ ಸರಾಸರಿಯ ಮೇಲೆ.

"ಇಷ್ಟು ಕಮ್ಮಿನಾ? ಒಂದು ತಿಂಗಳು ಇವರನ್ನ ಹೀಗೇ ಬಿಟ್ಟಿದ್ವಾ ಸರ್?"

ಈಗ ಬೆಚ್ಚಿದ್ದು ಅವರು. "ನಮಗೆ ಬೇಕಿದ್ದದ್ದು ಅದೇ ಅಲ್ವಾ" ಎಂದು ನಾನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ಆಣೆ ಮಾಡಿ ಹೇಳಲಾರೆ. ಪ್ರಬಂಧದಲ್ಲಿ ಇದನ್ನು ಹೇಗೆ ಬರೆಯಬೇಕೆಂದು ನಾನು ವಿವರಿಸುತ್ತಿದ್ದಾಗ ಅವರು ಆಗಲೇ ಎದ್ದು, ಭದ್ರಾವತಿಗೆ ಈಗ ಬಸ್ ಸಿಗುತ್ತಾ ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದರು.