ಗಿರಿಜಾಳ ಹಗ್ಗ

ಹೋದ ಭಾನುವಾರ ಬೆಳಿಗ್ಗೆ ನೈರೋಬಿಯ ನಮ್ಮ ಪಾರ್ಕ್‌ಲ್ಯಾಂಡ್ಸ್ ಫ್ಲ್ಯಾಟಿನ ಹಾಲಿನಲ್ಲಿ ಒಂದು ಹುಳಿ ವಾಸನೆ. ಮೊದಲು ಕಸದ ಬುಟ್ಟಿಯನ್ನು ಬೈದೆ, ಆಮೇಲೆ ಕೆಳಗಿನ ಮನೆಯವರನ್ನು ಬೈದೆ. ತಪ್ಪು ನನ್ನ ಮನೆಯೊಳಗೇ ಇರಬಹುದು ಎಂದು ನನಗೆ ತೋಚುವುದು ಯಾವಾಗಲೂ ಕಡೆಗೇ. ಮನೆಗೆಲಸದ ವಾಂಬುಯಿ ಶೋಕೇಸಿನ ಗಾಜು ಸರಿಸಿ ಮೂಗು ಹಿಡಿದುಕೊಂಡು, "ಮ್ಜೀ, ಸೀಕಿ!" ಎಂದಳು. ಸ್ವಾಹಿಲಿಯಲ್ಲಿ 'ಯಜಮಾನರೇ, ಇದು ವಿನೆಗರ್' ಎಂದರ್ಥ. ಫ್ರಾನ್ಸಿನಿಂದ ತಂದ ವೈನ್ ಬಾಟ್ಲಿಯ ಬಿರಡೆ ಒಣಗಿ ಬಿರುಕು ಬಿಟ್ಟಿತ್ತು. ಆ ಬಾಟ್ಲಿಯನ್ನು ಮಲಗಿಸಿ ಇಡಬೇಕಂತೆ, ಬಿರಡೆ ಒದ್ದೆಯಾಗಿರಬೇಕಂತೆ. ಬಂದವರಿಗೆಲ್ಲ ಕಾಣಲಿ ಎಂದು ನಾನು ಇಷ್ಟು ವರ್ಷ ನಿಲ್ಲಿಸಿಯೇ ಇಟ್ಟಿದ್ದೆ.

ಆ ಬಾಟ್ಲಿ ನನಗೆ ಕೊಟ್ಟದ್ದಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀವು ಆರಾಮಾಗಿ ಕೂತುಕೊಳ್ಳಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಂಗಳೂರಿನ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ನೈರೋಬಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೀಸೆಲ್ ಇಂಜಿನುಗಳ ಸ್ವಂತ ವರ್ಕ್‌ಶಾಪು ಇಟ್ಟೆ. ಇಂಗ್ಲಿಷ್ ಕಾಗದ ಓದಲು ಈಗಲೂ ತಡವರಿಸುತ್ತೇನೆ, ಆದರೆ ಲಾರಿ ಗೇಟಿನ ಹೊರಗೆ ಕೆಮ್ಮಿದರೆ ಸಾಕು, ಒಳಗೆ ಕೂತೇ ಅದರ ಕಾಯಿಲೆ ಹೇಳುತ್ತೇನೆ. ಇದನ್ನು ಜಂಬ ಎಂದರೆ ಜಂಬವೇ ಸರಿ, ದುಡಿದು ಸಂಪಾದಿಸಿದ ಜಂಬ.

ಜೊತೆಗೆ ಒಂದು ಸುಳ್ಳನ್ನೂ ಸಂಪಾದಿಸಿದ್ದೆ. ನಮ್ಮ ಕನ್ನಡದವರು ಸೇರಿದಲ್ಲೆಲ್ಲ ಡಾಕ್ಟರುಗಳು, ಲೆಕ್ಚರರುಗಳು. ಒಂದು ಊಟದಲ್ಲಿ ಯಾರೋ, "ನಿಮ್ಮ ಮಾವನವರು ಏನು ಮಾಡ್ಕೊಂಡಿದಾರೆ?" ಎಂದು ಕೇಳಿದರು. ನನ್ನ ಬಾಯಿಂದ "ಶಿಪ್ಪಿಂಗ್ ಲೈನ್" ಎಂದು ಬಂತು. ಪೂರ್ತಿ ಸುಳ್ಳೇನಲ್ಲ, ಮಾವನ ಹತ್ತಿರ ಒಂದು ದೋಣಿ ಇತ್ತು. ನೇತ್ರಾವತಿಯ ಒಂದು ಕಡವಿನಲ್ಲಿ ಜನರನ್ನು ಈಚೆ ದಡದಿಂದ ಆಚೆ ದಡಕ್ಕೆ ದಾಟಿಸುವ ಮರದ ದೋಣಿ. ಹದಿನಾಲ್ಕು ಜನ, ಎರಡು ಸೈಕಲ್ಲು, ಒಮ್ಮೊಮ್ಮೆ ಒಂದು ಆಡು. ಅದು ನನ್ನ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆದು ಹಡಗುಗಳಾಯಿತು. ನನ್ನ ಹೆಂಡತಿ ಗಿರಿಜಾ ಆ ಮೊದಲ ದಿನ ಪಲ್ಯ ಬಡಿಸುತ್ತಿದ್ದವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಮಗಳು ಶರ್ಮಿಳಾ ಶಾಲೆಯಲ್ಲಿ 'ನನ್ನ ಅಜ್ಜನ ಹಡಗುಗಳು' ಎಂದು ಪ್ರಬಂಧ ಬರೆದು ನಕ್ಷತ್ರದ ಗುರುತು ತಂದಾಗಲೂ ಅವಳು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು, ಅಷ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನೈರೋಬಿಯ ಮುಥೈಗಾ ಬಡಾವಣೆಯಲ್ಲಿದ್ದ ಒಬ್ಬ ಫ್ರೆಂಚ್ ಸಾಹೇಬರ ಜನರೇಟರನ್ನು ನಾನು ನೋಡಿಕೊಳ್ಳುತ್ತಿದ್ದೆ. ಊರಿಗೆ ಹಿಂತಿರುಗಿದ ಮೇಲೆ ಅವರು ಕಾಗದ ಬರೆದರು. ಮಗ ಪ್ರವೀಣ ಓದಿ ಹೇಳಿದ: ಬರ್ಗಂಡಿಯ ಕಾಲುವೆಯಲ್ಲಿ ಅವರದೊಂದು ದೋಣಿಮನೆ ಇದೆ, ಆಗಸ್ಟಿನಲ್ಲಿ ಒಂದು ವಾರ ಖಾಲಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬನ್ನಿ. ಇಂಥ ಮಾತನ್ನು ಜನ ಬಾಯುಪಚಾರಕ್ಕೆ ಬರೆಯುತ್ತಾರೆ ಎಂದು ಗಿರಿಜಾ ಅಂದಳು. ಬಾಯುಪಚಾರ ನನಗೆ ಅರ್ಥವಾಗುವುದಿಲ್ಲ. ಹೋದೆವು.

ದೋಣಿಯೊಳಗೆ ನಾಲ್ಕು ಮಂಚ, ಒಲೆ, ಸಿಂಕು, ಕೆಳಗೆ ಡೀಸೆಲ್ ಇಂಜಿನು. ಸಾಹೇಬರು ಅರ್ಧ ಗಂಟೆ ಪಾಠ ಹೇಳಿದರು. ಇಂಜಿನಿನ ಬಗ್ಗೆ ಅವರು ಹೇಳುವುದಕ್ಕೆ ಮೊದಲೇ ನಾನು ಹೇಳಿಬಿಟ್ಟೆ. ಅವರು ಹಗ್ಗದ ವಿಷಯಕ್ಕೆ ಬಂದಾಗ ನಾನು ಬಗ್ಗಿ ಫ್ಯಾನ್ ಬೆಲ್ಟನ್ನು ಒತ್ತಿ ನೋಡುತ್ತಿದ್ದೆ. ಹಗ್ಗ ಕಟ್ಟುವುದನ್ನು ನನಗೆ ಕಲಿಸಬೇಕೇ? ಮೊಂಬಾಸಾಕ್ಕೆ ಹೋಗುವ ಲಾರಿಗೆ ನಾನು ಬಿಗಿದ ಗಂಟು ದಾರಿಯಲ್ಲಿ ಸಡಿಲವಾದದ್ದು ಒಮ್ಮೆಯೂ ಇಲ್ಲ.

ಆ ದೇಶದ ಚೆಂದವನ್ನು ಏನು ಹೇಳಲಿ! ಕಾಲುವೆಯ ಎರಡೂ ಕಡೆ ನೆರಳು. ಅದರಾಚೆ ಗುಡ್ಡದ ಮೇಲೆ ದ್ರಾಕ್ಷಿಯ ಸಾಲುಗಳು, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಸಾಲುಗಳ ನಡುವೆ ಬಗ್ಗಿ ಕೆಲಸ ಮಾಡುವವರ ಬೆನ್ನು. ಬೆನ್ನು ಕಂಡರೆ ನನಗೆ ಗೌರವ ಬರುತ್ತದೆ, ದೇಶ ಯಾವುದಾದರೇನು. ಗಿರಿಜಾ ಮಾತ್ರ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತು, "ದ್ರಾಕ್ಷಿ ಅಂದರೆ ಇಷ್ಟು ಕುಳ್ಳ ಬಳ್ಳಿಯಾ? ನಮ್ಮ ವೀಳ್ಯದೆಲೆಯವರು ನೋಡಿದರೆ ನಗಾಡ್ತಾರೆ" ಎಂದಳು.

ಎರಡನೆಯ ದಿನ ಮೊದಲ ಲಾಕು ಸಿಕ್ಕಿತು. ಲಾಕು ಎಂದರೆ ನೀರಿನ ಲಿಫ್ಟು. ಕಲ್ಲಿನ ತೊಟ್ಟಿಯೊಳಗೆ ದೋಣಿ ನಿಲ್ಲಿಸಿದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ, ಮುಂದಿನಿಂದ ನೀರು ಹೊರಗೆ ಬಿಡುತ್ತಾರೆ. ನೀರಿನ ಸಂಗಡ ದೋಣಿ ಕೆಳಗಿಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಅದನ್ನು ಕಾಯುವವಳು ಕೆಂಪು ಕೈಗಳ ಒಬ್ಬ ಮುದುಕಿ. ದಡದ ಮೇಲಿನ ಕಬ್ಬಿಣದ ಗೂಟಗಳಿಗೆ ಹಿಂದೊಂದು ಮುಂದೊಂದು ಹಗ್ಗ ಹಾಕಿ ನಾನು ನನ್ನ ಪ್ರಸಿದ್ಧ ಲಾರಿ ಗಂಟು ಬಿಗಿದೆ. ಬಿಗಿದು, ಕೈ ಕೊಡವಿ, ಮಕ್ಕಳ ಕಡೆ ನೋಡಿ ನಕ್ಕೆ.

ನೀರು ಇಳಿಯಿತು. ದೋಣಿ ಇಳಿಯಲಿಲ್ಲ. ಹಗ್ಗದಲ್ಲಿ ನೇತಾಡುತ್ತಾ ಒಂದು ಕಡೆಗೆ ವಾಲತೊಡಗಿತು. ಒಳಗೆ ತಟ್ಟೆಗಳು ಜಾರಿ ಒಡೆದವು. "ಡ್ಯಾಡಿ! ಆರ್ ವಿ ಸಿಂಕಿಂಗ್?" ಎಂದು ಶರ್ಮಿಳಾ ಕಿರುಚಿದಳು. ನಾನು ಗಂಟು ಬಿಚ್ಚಲು ಹೋದೆ. ನನ್ನ ಗಂಟು, ಬಿಚ್ಚುತ್ತದೆಯೇ?

ಒಳಗೆ ಬೀನ್ಸ್ ಹೆಚ್ಚುತ್ತಿದ್ದ ಗಿರಿಜಾ ಹೊರಗೆ ಬಂದಳು. "ಬುಡ್ಲೆ! ಕೈ ಬುಡ್ಲೆ!" ಬಿಡಿ, ಕೈ ಬಿಡಿ ಎಂದು ತುಳುವಿನಲ್ಲಿ ನನಗೆ ಗದರಿದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಗದರಿದ್ದು ಅದೇ ಮೊದಲು. ಆಮೇಲೆ ದಡದ ಮೇಲಿದ್ದ ಮುದುಕಿಯತ್ತ ನೋಡಿ, ಎರಡೂ ಕೈಗಳಿಂದ ನೀರನ್ನು ಎತ್ತುವ ಹಾಗೆ ಸನ್ನೆ ಮಾಡಿದಳು. ಅಷ್ಟರಲ್ಲಿ ಮುದುಕಿಯೂ ಓಡಿದ್ದಳು. ಅವಳು ಕೆಳಗಿನ ತೂಬು ಮುಚ್ಚಿ ಮೇಲಿನಿಂದ ನೀರು ಬಿಟ್ಟಳು. ದೋಣಿ ಮತ್ತೆ ಮೇಲೆದ್ದು ನೆಟ್ಟಗಾಯಿತು, ಹಗ್ಗ ಸಡಿಲವಾಯಿತು.

"ನೀರು ಇಳೀತಾ ಉಂಟು, ನೀವು ಕಟ್ಟಿದ್ದು ಎಂತಕ್ಕೆ? ಸರೀರಿ ಆಚೆ" ಎಂದು ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗೂಟಕ್ಕೆ ಹಗ್ಗದ ಒಂದೇ ಸುತ್ತು, ಗಂಟಿಲ್ಲ, ತುದಿ ಅವಳ ಕೈಯಲ್ಲಿ. ನೀರು ಇಳಿದ ಹಾಗೆ ಬೆರಳುಗಳ ನಡುವಿಂದ ಹಗ್ಗವನ್ನು ಬಿಡುತ್ತಾ ಹೋದಳು. ಎಳೆಯಲಿಲ್ಲ, ಜಗ್ಗಲಿಲ್ಲ. ಹಿಂದಿನ ಹಗ್ಗ ಹಿಡಿದಿದ್ದ ಪ್ರವೀಣನಿಗೆ "ಬಿಡು, ಇನ್ನೂ ಬಿಡು, ಈಗ ಹಿಡಿ" ಎಂದು ಹೇಳಿದ್ದೂ ಅವಳೇ. ಅವಳ ಪಾದಗಳು ಹಲಗೆಗೆ ಅಂಟಿದ್ದವು, ಕಣ್ಣು ನೀರಿನ ಮೇಲಿತ್ತು. ಒಳ್ಳೆಯ ಕೆಲಸಗಾರನ ಕೈಯನ್ನು ನಾನು ದೂರದಿಂದಲೇ ಗುರುತಿಸುತ್ತೇನೆ ಎಂದುಕೊಂಡಿದ್ದೆ. ನನ್ನ ಮನೆಯಲ್ಲೇ ಅಂಥ ಕೈ ಹದಿನೈದು ವರ್ಷ ಚಪಾತಿ ಲಟ್ಟಿಸುತ್ತಿತ್ತು.

"ಮಮ್ಮಿ, ಹೌ ಡು ಯು ನೋ ಆಲ್ ದಿಸ್?" ಎಂದ ಪ್ರವೀಣ.

ಗಿರಿಜಾ ಹಗ್ಗ ಸುತ್ತುತ್ತಾ, "ಅದನ್ನು ನಿಮ್ಮ ಡ್ಯಾಡಿ ಹೇಳಬೇಕು" ಎಂದಳು. ಅಷ್ಟೇ.

ನಾನು ಇಂಜಿನಿನ ಆಯಿಲ್ ನೋಡುವ ನೆಪದಲ್ಲಿ ಕೆಳಗಿಳಿದೆ. ಆಯಿಲ್ ಸರಿಯಾಗಿಯೇ ಇತ್ತು.

ಮುಂದಿನ ಲಾಕಿಗೆ ಬಂದಾಗ ಹನ್ನೆರಡು ಗಂಟೆ. ಅಲ್ಲಿ ಲಾಕಿನವರು ಊಟಕ್ಕೆ ಹೋದರೆ ರಾಜ ಬಂದರೂ ಒಂದು ಗಂಟೆಯ ತನಕ ಬಾಗಿಲು ತೆರೆಯುವುದಿಲ್ಲ. ಕೆಲಸಕ್ಕೂ ಊಟಕ್ಕೂ ಮರ್ಯಾದೆ ಕೊಡುವ ಆ ಕ್ರಮ ನನಗೆ ಬಹಳ ಹಿಡಿಸಿತು. ಆ ದಿನ ಮಾತ್ರ ಹಿಡಿಸಲಿಲ್ಲ. ಇಂಜಿನು ಆರಿಸಿ ದಡದ ಹುಲ್ಲಿನ ಮೇಲೆ ಕೂತೆವು. ಓಡಿಹೋಗಲು ಜಾಗವಿರಲಿಲ್ಲ. ಮಕ್ಕಳು ನನ್ನನ್ನೇ ನೋಡುತ್ತಿದ್ದರು, ಗಿರಿಜಾ ಬೀನ್ಸ್ ನೋಡುತ್ತಿದ್ದಳು.

ಹೇಳಿದೆ. ಅಜ್ಜನಿಗೆ ಹಡಗಿರಲಿಲ್ಲ, ಕಡವಿನ ದೋಣಿ ಇತ್ತು. ಅವರಿಗೆ ಜ್ವರ ಬಂದ ದಿನ ನಿಮ್ಮ ಅಮ್ಮನೇ ಹುಟ್ಟು ಹಾಕುತ್ತಿದ್ದಳು. ನಾನು ಅವಳನ್ನು ಮೊದಲು ನೋಡಿದ್ದೂ ಆ ದೋಣಿಯಲ್ಲೇ.

"ಮಮ್ಮಿ ಡ್ರೋವ್ ದ ಬೋಟ್?" ಶರ್ಮಿಳಾ ಹಾರಿ ಅಮ್ಮನ ಕೊರಳಿಗೆ ಬಿದ್ದಳು. ಹಡಗುಗಳು ಹೋದದ್ದಕ್ಕೆ ಅವಳಿಗೆ ಎಳ್ಳಷ್ಟೂ ದುಃಖವಿರಲಿಲ್ಲ. ಪ್ರವೀಣ ಮಾತ್ರ ಹುಲ್ಲು ಕೀಳುತ್ತಾ, "ದೆನ್ ವೈ ಡಿಡ್ ಯು ಸೇ ಶಿಪ್ಸ್?" ಎಂದ.

ಹನ್ನೆರಡು ವರ್ಷದ ಹುಡುಗನಿಗೆ ಏನು ಹೇಳುವುದು? ಏಳನೇ ಕ್ಲಾಸಿನವನು ಡಾಕ್ಟರುಗಳ ನಡುವೆ ಕೂತಾಗ ಕುರ್ಚಿ ಸ್ವಲ್ಪ ಎತ್ತರ ಬೇಕೆನಿಸಿತು ಎಂದೇ? "ನನಗೆ ನಾಚಿಕೆಯಾಗಿತ್ತು" ಎಂದೆ. ಗಿರಿಜಾ ತಲೆ ಎತ್ತದೆ, "ನನಗೆ ಆಗಿರಲಿಲ್ಲ" ಎಂದಳು.

ಆಮೇಲಿನ ದಿನಗಳಲ್ಲಿ ಯಜಮಾನಿಕೆ ಅವಳದು. ಕೆಸರಿಗೆ ಸಿಕ್ಕಿದ ದೋಣಿಯನ್ನು ಕೋಲು ಊರಿ ಬಿಡಿಸಿದಳು. ನಾನು ಇಂಜಿನು ನೋಡಿಕೊಂಡೆ, ಪಾತ್ರೆ ತೊಳೆದೆ. ಹಿಂತಿರುಗುವಾಗ ಆ ಮೊದಲ ಲಾಕಿನ ಮುದುಕಿ ಮನೆಯೊಳಗಿಂದ ಒಂದು ಬಾಟ್ಲಿ ತಂದಳು. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಗಿರಿಜಾಳ ಕೈಗೆ ಕೊಟ್ಟಳು. ಹಗ್ಗ ಹಿಡಿದು ದಪ್ಪಗಾದ ತನ್ನ ಅಂಗೈಯನ್ನು ತೋರಿಸಿ, ಇವಳ ಅಂಗೈಯನ್ನು ಬಿಡಿಸಿ ನೋಡಿ ನಕ್ಕಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ.

ಇಷ್ಟಾದರೂ ನೈರೋಬಿಗೆ ಬಂದ ಮೇಲೆ ನಾನು ಪೂರ್ತಿ ಸರಿಹೋದೆ ಎಂದುಕೊಳ್ಳಬೇಡಿ. ಮಕ್ಕಳಿಗೆ ಹೇಳಿದೆನಲ್ಲ, ಊರವರಿಗೇಕೆ ಎಂದುಕೊಂಡೆ. ಬಾಟ್ಲಿ ತೋರಿಸಿ "ಫ್ರಾನ್ಸಿನಲ್ಲಿ ಕೊಟ್ಟರು" ಎನ್ನುತ್ತಿದ್ದೆ, ಯಾರಿಗೆ ಕೊಟ್ಟರೆಂದು ಹೇಳುತ್ತಿರಲಿಲ್ಲ. ಗಿರಿಜಾ ಹಗ್ಗವನ್ನು ಸಡಿಲ ಬಿಟ್ಟೇ ಹಿಡಿದಿದ್ದಳು, ಇಷ್ಟು ವರ್ಷ.

ಭಾನುವಾರ ಸಂಜೆ ಇಲ್ಲೇ ನೆಲೆಸಿರುವ ಮೈಸೂರಿನ ಡಾಕ್ಟರು ದಂಪತಿಗಳು ಬಂದರು. ತೊಳೆದಿಟ್ಟ ಖಾಲಿ ಬಾಟ್ಲಿ ಕಂಡು ಡಾಕ್ಟರು, "ಏನ್ರೀ, ಕೊನೆಗೂ ಕುಡಿದ್ಬಿಟ್ರಾ? ನಿಮ್ಮ ಮಾವನೋರ ಹಡಗಲ್ಲಿ ಇನ್ನೊಂದು ತರಿಸ್ಕೊಳಿ" ಎಂದು ತಮಾಷೆ ಮಾಡಿದರು.

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು.

"ಹಡಗಿಲ್ಲ ಸಾರ್" ಎಂದೆ. "ನನ್ನ ಮಾವ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಇಷ್ಟು ದಿನ ನಿಮಗೆ ಸುಳ್ಳು ಹೇಳಿದೆ. ಈ ಬಾಟ್ಲಿ ಇವಳಿಗೆ ಬಂದ ಬಹುಮಾನ. ಇವಳೂ ದೋಣಿಯವಳು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಅವರ ಹೆಂಡತಿ ಮಾತ್ರ ಅಡುಗೆಮನೆಯ ಬಾಗಿಲ ಕಡೆ ತಿರುಗಿ, "ಹೌದಾ ಗಿರಿಜಾ? ಮಳೆಗಾಲದಲ್ಲೂ ದಾಟಿಸ್ತಿದ್ರಾ? ಬನ್ರೀ, ಕೂತ್ಕೊಂಡು ಹೇಳಿ" ಎಂದರು.

ಗಿರಿಜಾ ಕೈ ಒರೆಸಿಕೊಂಡು ಬಂದಳು. ಅತಿಥಿಗಳಿದ್ದಾಗ ಅವಳು ಸೋಫಾದಲ್ಲಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಕೂತು, "ಮಳೆಗಾಲದಲ್ಲೇ ಅಲ್ವಾ ಜನ ಜಾಸ್ತಿ" ಎಂದು ಶುರು ಮಾಡಿದಳು. ನಾನು ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದೆ. ಸಕ್ಕರೆ ಎರಡು ಸಲ ಹಾಕಿದ್ದೆನಂತೆ. ಆಗ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಅವಳು ಎಲ್ಲರನ್ನೂ ನಡುಹೊಳೆಗೆ ತಂದಿದ್ದಳು.