‘ಬಿಡ್ರಿ’ ಅಂದವನು ಫಕೀರಪ್ಪ

ಘೋರಪಡಿಯ ರೇಲ್ವೆ ಚಾಳಿನ ಸಾಲುಮನೆಗಳಲ್ಲಿ ಫಕೀರಪ್ಪನನ್ನು ಮೋರೆ ನೋಡಿ ಗುರುತಿಸುವವರಿಗಿಂತ ದನಿ ಕೇಳಿ ಗುರುತಿಸುವವರೇ ಹೆಚ್ಚಿದ್ದರು. ಬೈಲಹೊಂಗಲದ ಕಡೆಯವನು. ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಕೆಲಸ ಹುಡುಕಿಕೊಂಡು ಪುಣೆಗೆ ಬಂದು, ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿ ಅಲ್ಲೇ ನೆಲೆ ನಿಂತ. ಹಡಪಸರದ ತರಕಾರಿ ತೋಟಗಳನ್ನು ದಾಟಿ ಸೊಲ್ಲಾಪುರದ ದಿಕ್ಕಿಗೆ ಹೋಗುವ ಹಳಿಯ ಒಂದು ತುಂಡು ಅವನ ಗ್ಯಾಂಗಿನ ಪಾಲಿಗೆ ಬಂದಿತ್ತು.

ಮಳೆಗಾಲ ಮುಗಿದರೆ ಸಾಕು, ಸ್ಲೀಪರ್ ಬದಲಿಸುವ ಕೆಲಸ ಶುರು. ಹಳಿಯ ಅಡಿಯಲ್ಲಿ ಅಡ್ಡ ಮಲಗಿರುವ ಮರದ ತೊಲೆಗಳಲ್ಲಿ ಕೊಳೆತವು ಯಾವುವು, ಸೀಳಿದವು ಯಾವುವು ಎಂದು ಗ್ಯಾಂಗಿನ ಮೇಲಾಳು ಮುಕಾದಮ ಕೃಷ್ಣಾಜಿ ಮೊದಲೇ ಸುಣ್ಣದಿಂದ ಗುರುತು ಹಾಕಿರುತ್ತಿದ್ದ. ಎರಡೂ ಕಡೆ ದೂರದಲ್ಲಿ ಕೆಂಪು ಬಾವುಟ ನೆಟ್ಟು, ಒಂದೊಂದನ್ನೇ ಬದಲಿಸಬೇಕು. ಪಕ್ಕಪಕ್ಕದ ಎರಡನ್ನು ಒಟ್ಟಿಗೆ ಎಳೆಯುವಂತಿಲ್ಲ. ಎಳೆದರೆ ಹಳಿಗೆ ಆಸರೆ ತಪ್ಪುತ್ತದೆ. ಜಲ್ಲಿ ಬಗೆದು, ಮೊಳೆ ಕಿತ್ತು, ಹಳೆಯದನ್ನು ಬದಿಗೆ ಎಳೆದು, ಹೊಸದನ್ನು ಸರಿಸಿ, ಹಳಿಗಳ ನಡುವಿನ ಅಂತರ ಅಳೆದು, ಮೊಳೆ ಹೊಡೆದು, ತೊಲೆಯ ಬುಡಕ್ಕೆ ಜಲ್ಲಿಯನ್ನು ಗಟ್ಟಿಯಾಗಿ ತುರುಕಿದ ಮೇಲೇ ಮುಂದಿನದು.

ಇಷ್ಟರಲ್ಲಿ ಎಲ್ಲಕ್ಕಿಂತ ಅಪಾಯದ್ದು ಹೊಸ ತೊಲೆಯನ್ನು ಹೊತ್ತು ತಂದು ಇಳಿಸುವುದು. ನಾಲ್ಕು ಜನ ಹೆಗಲು ಕೊಡುವ ಭಾರ. ಒಬ್ಬ ಮೊದಲು ಬಿಟ್ಟರೂ, ಒಬ್ಬ ತಡವಾಗಿ ಬಿಟ್ಟರೂ ಕೈಯೋ ಕಾಲೋ ಹೋಯಿತು. ಅದಕ್ಕೇ ಪಕ್ಕದಲ್ಲಿ ನಡೆಯುತ್ತ ಹೇಳಿಕೆ ಕೊಡಲು ಒಬ್ಬನಿರುತ್ತಿದ್ದ. ನಮ್ಮ ಫಕೀರಪ್ಪನೇ ಅವನು. “ಎತ್ತೋ ತಮ್ಮಾ” ಎಂದು ಅವನು ರಾಗ ಎಳೆದರೆ ನಾಲ್ವರೂ “ಹೈಸೋ” ಎಂದು ಹೆಜ್ಜೆ ಇಡುವರು. ಸ್ಥಳ ಬಂದಾಗ “ಕೈಗೆ” ಅನ್ನುವನು, ತೊಲೆ ಹೆಗಲಿನಿಂದ ಕೈಗೆ ಇಳಿಯುವುದು. ಆಮೇಲೆ ಅವನ ಕಣ್ಣು ಎಂಟೂ ಪಾದಗಳ ಮೇಲೆ ಹಾಯುವುದು. ಎಲ್ಲ ಪಾದ ಹೊರಗಿದ್ದರೆ ಮಾತ್ರ “ಬಿಡ್ರಿ”. ಹೊತ್ತವರಿಗೆ ತಮ್ಮ ಕಾಲು ತಮಗೇ ಕಾಣುವುದಿಲ್ಲ. ಅವರ ಪಾಲಿಗೆ ಅವನ ಬಾಯೇ ಕಣ್ಣು.

ಫಕೀರಪ್ಪನ ಹೆಂಡತಿ ಭೀಮವ್ವ. ಅವಳ ತಮ್ಮ ಮಲಕಪ್ಪ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ಅವಳೇ. ಅವನು ಗಟ್ಟಿಮುಟ್ಟಾದ ಮೇಲೆ ಫಕೀರಪ್ಪನೇ ಪುಣೆಗೆ ಕರೆಸಿ, ಮುಕಾದಮನ ಕೈಕಾಲು ಹಿಡಿದು ಗ್ಯಾಂಗಿಗೆ ಸೇರಿಸಿದ. ಮಲಕಪ್ಪ ನಗೆಮಾತಿನ ಆಳು, ದನಿಯೂ ಚೆಲುವಾಗಿತ್ತು. ಫಕೀರಪ್ಪನ ದನಿಯೋ ಅಷ್ಟು ವರ್ಷ ಬಿಸಿಲಿನಲ್ಲಿ ಕೂಗಿ ಕೂಗಿ ಒಡೆಯತೊಡಗಿತ್ತು.

ಒಂದು ಸಂಜೆ ಚಾಳಿನ ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ ಮಲಕಪ್ಪ ಎದ್ದು ನಿಂತು ಮಾವನ ಅಣಕು ಮಾಡಿದ. ಸೊಂಟದ ಮೇಲೆ ಕೈ, ಕುತ್ತಿಗೆ ಮುಂದೆ, “ಎತ್ತೋ ತಮ್ಮಾ” ಎನ್ನುವಾಗ ನಡುವೆ ಕೀಚಲಾಗುವ ದನಿ, ಎಲ್ಲವನ್ನೂ ಹಾಗೆಯೇ ತಂದುಬಿಟ್ಟ. ಅಂಗಳವೆಲ್ಲ ನಕ್ಕಿತು. ಕೃಷ್ಣಾಜಿ ಕಣ್ಣೊರೆಸಿಕೊಳ್ಳುತ್ತ, “ಮುಂದಿನ ವರ್ಷ ಹೇಳಿಕೆ ಇವನದೇ” ಎಂದು ಮರಾಠಿಯಲ್ಲಿ ಅಂದ. ಫಕೀರಪ್ಪನೂ ನಕ್ಕ. ಆದರೆ ಬಾಗಿಲಲ್ಲಿ ನಿಂತಿದ್ದ ಭೀಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದುದನ್ನು ಕಂಡಾಗ ಅವನ ನಗು ಅರ್ಧಕ್ಕೇ ನಿಂತಿತು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲವೆಂದ.

ಮರುದಿನ ಹಡಪಸರದ ಈಚೆ ಕೆಲಸ. ಬಿಸಿಲು ಏರಿತ್ತು. ತೊಲೆ ಹೊತ್ತವರಲ್ಲಿ ಪ್ರಲ್ಹಾದ, ದೇವದಾಸ್ ಮುಂದೆ. ಮಲಕಪ್ಪ ಮತ್ತು ಇನ್ನೊಬ್ಬ ಹಿಂದೆ. ತೊಲೆ ಕೈಗೆ ಇಳಿಯಿತು. ಫಕೀರಪ್ಪ ಪಾದಗಳನ್ನು ನೋಡಿದ. ಮಲಕಪ್ಪನ ಎಡಗಾಲು ಹಳಿಯನ್ನು ದಾಟಿರಲಿಲ್ಲ, ಇನ್ನೂ ತೊಲೆಯ ಅಡಿಯಲ್ಲೇ ಇತ್ತು. ಅದು ಅವನಿಗೆ ಚೆನ್ನಾಗಿ ಕಂಡಿತು. ಈಗಲೇ ಬಿಡಲು ಹೇಳಿದರೆ ಇವನು ಹೌಹಾರಿ ಕುಣಿದು ಹಿಂದಕ್ಕೆ ಬೀಳುತ್ತಾನೆ, ಇವತ್ತು ಜನ ಇವನನ್ನು ನೋಡಿ ನಗಲಿ ಎಂದು ಅನಿಸಿತು. ಅಷ್ಟೇ ಅನಿಸಿದ್ದು. ಅಷ್ಟರಲ್ಲಿ ಬಾಯಿಂದ ಹೊರಬಿದ್ದಿತ್ತು: “ಬಿಡ್ರಿ!”

ಮಲಕಪ್ಪ ಹಿಂದಕ್ಕೆ ಬೀಳಲಿಲ್ಲ. ಕೂಗಿದ.

ದವಾಖಾನೆಯಲ್ಲಿ ಪಾದದ ಮುಂದಿನ ಅರ್ಧ ತೆಗೆದರು. ಫಕೀರಪ್ಪ ಮಂಚದ ಬಳಿ ಹೋಗಿ ನಿಂತಾಗ ಮಲಕಪ್ಪನೇ ಮೊದಲು ಮಾತಾಡಿದ.

“ಮಾವಾ, ತಪ್ಪಾತ್ರಿ. ನಾ ಲಕ್ಷ್ಯ ಇಡ್ಲಿಲ್ಲ. ನಿಮ್ಮ ಹೇಳಿಕಿಗೆ ಇಷ್ಟು ವರ್ಷ ಒಬ್ಬರ ಕೂದಲೂ ಕೊಂಕಿದ್ದಿಲ್ಲ. ನಿಮ್ಮ ಹೆಸರು ಕೆಡಿಸಿದೆ.”

ಫಕೀರಪ್ಪ ಬಾಯಿ ತೆರೆದ. “ಸುಮ್ನ ಮಲಕೋ” ಎಂದಷ್ಟೇ ಬಂತು.

ರೇಲ್ವೆ ಸಾಹೇಬರ ಮುಂದೆ ವಿಚಾರಣೆ ನಡೆಯಿತು. ಹುಡುಗನ ನಿಷ್ಕಾಳಜಿ ಎಂದು ಕೃಷ್ಣಾಜಿ ಹೇಳಿದ. ಹಾಗೆ ತೀರ್ಮಾನವಾದರೆ ಮಲಕಪ್ಪನನ್ನು ಕೆಲಸದಿಂದ ತೆಗೆಯುವುದು ಖಂಡಿತ. ಫಕೀರಪ್ಪನಿಗೆ ತಡೆಯಲಾಗಲಿಲ್ಲ, ಮುಂದೆ ಬಂದ.

“ಅವನ ತಪ್ಪಲ್ರಿ ಸಾಹೇಬ್ರ. ನಂದು. ಅವನ ಕಾಲು ಇನ್ನೂ ಒಳಗಿತ್ತು. ನಾ ಅವಸರ ಮಾಡಿ ಬಿಡ್ರಿ ಅಂದೆ.”

ಅವಸರ ಮಾಡಿ ಎಂದ. ಬೇಕಂತ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅದನ್ನು ಹೊರಕ್ಕೆ ದೂಡಬೇಕು ಎಂದುಕೊಳ್ಳುವಷ್ಟರಲ್ಲಿ ಕೃಷ್ಣಾಜಿ ಅವನ ಹೆಗಲ ಮೇಲೆ ಕೈ ಇಟ್ಟ. “ಸಾಹೇಬ, ಇವನು ಹೆಂಡತಿಯ ತಮ್ಮನ ಹೊಟ್ಟೆ ನೋಡಿ ಹೀಗೆ ಹೇಳ್ತಿದ್ದಾನೆ. ಇವನ ಹೇಳಿಕೆ ಒಂದು ದಿನ ತಪ್ಪಿದ್ದಿಲ್ಲ. ಕೇಳಿ ಇವರನ್ನು.” ಪ್ರಲ್ಹಾದ, ದೇವದಾಸ್ ಇಬ್ಬರೂ ಹೌದೆಂದು ತಲೆಯಾಡಿಸಿದರು. ಮುಂದೆ ನಿಂತಿದ್ದ ಅವರಿಗೆ ಹಿಂದಿನವನ ಕಾಲು ಹೇಗೆ ಕಂಡೀತು? ಹಿಂದಿದ್ದ ಇನ್ನೊಬ್ಬನೂ ತನಗೇನೂ ಕಾಣಲಿಲ್ಲವೆಂದ. ಸಾಹೇಬರು ಫಕೀರಪ್ಪನನ್ನು ಒಂದು ಕ್ಷಣ ನೋಡಿದರು, ಅವರ ಮುಖ ಮೆತ್ತಗಾಯಿತು. ಮಲಕಪ್ಪನನ್ನು ಕೆಲಸದಿಂದ ತೆಗೆಯದೆ, ಗಾಯ ಮಾಯ್ದ ಮೇಲೆ ಹಡಪಸರದ ಕಡೆಯ ರಸ್ತೆ ಗೇಟಿಗೆ ಹಾಕಲು ಹೇಳಿದರು.

ಹೊರಗೆ ಬಂದಾಗ ಗ್ಯಾಂಗಿನವರು ಫಕೀರಪ್ಪನ ಬೆನ್ನು ತಟ್ಟಿದರು. “ಎಂಥಾ ದೊಡ್ಡ ಮನಸ್ಸೋ ನಿಂದು” ಅಂದರು. ಆಗಲೂ ಅವನು ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಸುದ್ದಿ ದವಾಖಾನೆಗೂ ಚಾಳಿಗೂ ಅವನಿಗಿಂತ ಮೊದಲೇ ಮುಟ್ಟಿತ್ತು. ನೆರೆಯ ರಂಗೂಬಾಯಿ ಬಾಗಿಲಿಗೆ ಬಂದು, ಇಂಥ ಗಂಡ ಸಿಗಲಿಕ್ಕೆ ಪುಣ್ಯ ಮಾಡಿರಬೇಕು ಎಂದು ಭೀಮವ್ವನಿಗೆ ಹೇಳಿ ಹೋದಳು. ಭೀಮವ್ವ ದವಾಖಾನೆಯಲ್ಲಿ ತಮ್ಮನನ್ನು ನೋಡಿಕೊಂಡು ಬಂದು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. ಫಕೀರಪ್ಪ ಒಲೆಯ ಪಕ್ಕ ಕುಳಿತ.

“ನಾ ಹೇಳಿದ್ದು ಖರೇನ ಅದ” ಎಂದ.

“ಗೊತ್ತದರಿ.”

“ಅವಸರಕ್ಕ ಅಂದದ್ದಲ್ಲ ಭೀಮವ್ವಾ.”

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. “ಅದೂ ಗೊತ್ತದ. ಹಿಂದಿನ ರಾತ್ರಿ ನೀವು ಉಂಡಿದ್ದಿಲ್ಲ.” ರೊಟ್ಟಿಯನ್ನು ಹೆಂಚಿಗೆ ಹಾಕುತ್ತ, “ನಾನೂ ನಕ್ಕಿದ್ದೆ” ಅಂದಳು.

“ನಾಳೆ ಹೋಗಿ ಮಲಕಪ್ಪನ ಕಾಲು ಹಿಡಿದು ಎಲ್ಲಾ ಹೇಳಿಬಿಡ್ತೀನಿ.”

ಆಗ ಅವಳು ತಿರುಗಿ ನೋಡಿದಳು. ಮದುವೆಯಾದಾಗಿನಿಂದ ಅವಳು ಹಾಗೆ ನೋಡಿದ್ದನ್ನು ಅವನು ಕಂಡಿರಲಿಲ್ಲ. “ಯಾವ ಕಾಲು ಹಿಡೀತೀರಿ? ಇವತ್ತ ಸಾಹೇಬರ ಮುಂದ ಪೂರಾ ಹೇಳೂದಿತ್ತು, ಅಲ್ಲಿ ಹೇಳ್ಲಿಲ್ಲ. ಈಗ ಅವನ ಕಡೆ ಉಳಿದದ್ದು ಒಂದ. ನಮ್ಮ ಮಾವ ನನ್ನ ಸಲುವಾಗಿ ಸಾಹೇಬರ ಮುಂದ ಸುಳ್ಳು ಹೇಳಿದ ಅಂತ ದವಾಖಾನಿ ತುಂಬ ಹೇಳಿಕೋತ ಮಲಗ್ಯಾನ. ನಿಮ್ಮ ಎದಿ ಹಗುರ ಮಾಡ್ಕೊಳ್ಳಿಕ್ಕೆ ಅದನ್ನೂ ಕಸಗೋಬ್ಯಾಡ್ರಿ.”

ಅಂದಿನಿಂದ ಆ ಮನೆಯಲ್ಲಿ ಆ ಮಾತು ಬರಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸುತ್ತಿದ್ದಳು. ಜನರೆದುರು ಗಂಡನನ್ನು ಬಿಟ್ಟುಕೊಡಲಿಲ್ಲ. ಆದರೆ ಅವನು ಏನಾದರೂ ನಗೆಮಾತು ಹೇಳಿದರೆ ಮಾತ್ರ ಅವಳಿಗೆ ಕೇಳಿಸದೆ ಹೋಗುತ್ತಿತ್ತು.

ಫಕೀರಪ್ಪ ಹೇಳಿಕೆ ಕೊಡುವುದನ್ನು ಬಿಟ್ಟ. ಗಂಟಲು ಬಿದ್ದಿದೆ ಎಂದ. ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಹೇಳಿಕೆ ಪ್ರಲ್ಹಾದನ ಪಾಲಾಯಿತು. ಫಕೀರಪ್ಪ ಹೊರುವವರ ಸಾಲಿಗೆ ಸೇರಿ, ಮಲಕಪ್ಪ ನಿಲ್ಲುತ್ತಿದ್ದ ಹಿಂದಿನ ಎಡಗಡೆಯ ಜಾಗವನ್ನೇ ಕೇಳಿ ಪಡೆದು ನಿಂತ. ಭಾರ ಕೈಗೆ ಇಳಿದು, ಪ್ರಲ್ಹಾದನ ಬಾಯಿಂದ ಮಾತು ಬರುವ ತನಕ, ತನ್ನ ಪಾದ ಎಲ್ಲಿದೆ ಎಂದು ತನಗೆ ಕಾಣದ ಆ ಗಳಿಗೆಯಲ್ಲಿ, ಮಲಕಪ್ಪ ತನ್ನನ್ನು ಎಷ್ಟು ನಂಬಿದ್ದನೆಂಬುದು ಅವನಿಗೆ ತಿಳಿಯುತ್ತಿತ್ತು. ದಿನಕ್ಕೆ ಎಷ್ಟು ತೊಲೆ ಹೊತ್ತರೆ ಅಷ್ಟು ಸಲ.

ಕೆಲಸದಲ್ಲಿ ಅವನ ಜಿಗುಟು ಹೆಚ್ಚಿತು. ಹೊಸ ಸ್ಲೀಪರಿನ ಬುಡಕ್ಕೆ ಜಲ್ಲಿ ತುರುಕಿದ ಮೇಲೆ ಮೊಣಕಾಲೂರಿ ಕೈಯಿಂದ ಮುಟ್ಟಿ ನೋಡುವನು. ಬಂಡಿ ಹಾದುಹೋದ ಮೇಲೆ ಮತ್ತೆ ಬಂದು ನೋಡುವನು. ಒಂದು ದಿನ ಮಾಲಗಾಡಿ ಬರುವ ಹೊತ್ತಾಗಿತ್ತು. ಕೃಷ್ಣಾಜಿ ಅವಸರದಲ್ಲಿ, ಒಂದನ್ನು ಭದ್ರಮಾಡುವ ಮೊದಲೇ ಪಕ್ಕದ್ದರ ಮೊಳೆಯನ್ನೂ ಕೀಳಲು ಹೇಳಿದ. ಫಕೀರಪ್ಪ ಹೋಗಿ ಆ ಪಕ್ಕದ ತೊಲೆಯ ಮೇಲೆ ಕುಳಿತುಬಿಟ್ಟ. ಬೈದರೂ ಏಳಲಿಲ್ಲ. ಕೊನೆಗೆ ಮೊದಲಿನದನ್ನು ಪೂರಾ ಮಾಡಿಯೇ ಗಾಡಿ ಬಿಟ್ಟರು. ಆಮೇಲೆ ಅದಕ್ಕೂ ಅವನನ್ನು ಹೊಗಳಿದರು. ಹೊಗಳಿಕೆ ಬಂದಾಗಲೆಲ್ಲ ಅವನು ಎದ್ದು ನೀರು ಕುಡಿಯಲು ಹೋಗುತ್ತಿದ್ದ.

ಮಲಕಪ್ಪ ಗೇಟಿನ ಕೆಲಸಕ್ಕೆ ಒಗ್ಗಿಕೊಂಡ. ಬೂಟಿನ ತುದಿಗೆ ಬಟ್ಟೆ ತುರುಕಿ, ಕುಂಟುತ್ತ ಗೇಟು ತೆಗೆದು ಹಾಕುತ್ತ, ಎತ್ತಿನ ಗಾಡಿಯವರೊಂದಿಗೆ ನಗುತ್ತ ಇದ್ದ. ಗೋಕಾಕದ ಕಡೆಯ ಸಾವಂತ್ರವ್ವನನ್ನು ಮದುವೆಯಾದ. ಮೊದಲನೆಯದೇ ಗಂಡು ಹುಟ್ಟಿತು.

ತೊಟ್ಟಿಲಿಗೆ ಹಾಕುವ ದಿನ ಗೇಟಿನ ಪಕ್ಕದ ಆ ಪುಟ್ಟ ಕ್ವಾರ್ಟರಿನ ತುಂಬ ಜನ. ಗ್ಯಾಂಗಿನವರೆಲ್ಲ ಬಂದಿದ್ದರು. ಮಲಕಪ್ಪ ಎಲ್ಲರೆದುರು ಮಾವನ ಕೈ ಹಿಡಿದುಕೊಂಡ.

“ಮಾವಾ, ಈ ಕೂಸಿನ ಹೆಸರು ಫಕೀರಪ್ಪ. ನಾನೂ ಸಾವಂತ್ರೀನೂ ಯಾವಾಗೋ ಮಾತಾಡೇವಿ. ನೀವು ಅವತ್ತ ನಿಂತು ಹೇಳ್ಲಿಲ್ಲಂದ್ರ ಈ ಮನಿ ಎಲ್ಲಿರ್ತಿತ್ತು?”

ಜನ ಸಂತೋಷದಿಂದ ಗದ್ದಲ ಮಾಡಿದರು. ಫಕೀರಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ಬೇಡ ಎನ್ನಬೇಕು. ಯಾಕೆ ಬೇಡ ಎಂದರೆ ಏನು ಹೇಳಬೇಕು? ಅವನ ಕಣ್ಣು ತಾನಾಗಿಯೇ ಭೀಮವ್ವನ ಕಡೆ ಹೋಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅವಳೇ.

ಭೀಮವ್ವ ತೊಟ್ಟಿಲಿನ ಮೇಲೆ ಬಾಗಿದಳು. ಕೂಸಿನ ಕಿವಿಗೆ ಬಾಯಿ ಇಟ್ಟು ಏನೋ ಉಸುರಿದಳು. ಆಮೇಲೆ ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ ಅಂದಳು:

“ಶಿವಪುತ್ರಪ್ಪ.”

ಮಲಕಪ್ಪ ಗಾಬರಿಯಾದ. “ಅಕ್ಕಾ, ನಾ ಫಕೀರಪ್ಪ ಅಂತ ಹೇಳಿದ್ದೆ...”

“ನಮ್ಮಪ್ಪನ ಹೆಸರು ತಮ್ಮಾ. ಅಪ್ಪನ ಹೆಸರು ಬಿಟ್ಟು ಬ್ಯಾರೆಯವರದು ನನ್ನ ಬಾಯಿಂದ ಬರೂದಿಲ್ಲ. ಕಿವ್ಯಾಗ ಬಿದ್ದ ಮ್ಯಾಲ ಮುಗೀತು.”

ಅತ್ತೆಯ ಹಕ್ಕು, ಯಾರು ಏನನ್ನಬಲ್ಲರು? ಗಂಡನ ಹೆಸರನ್ನು ನಾಲ್ಕು ಜನರೆದುರು ಹೇಗೆ ಹೇಳ್ಯಾಳು ಎಂದು ರಂಗೂಬಾಯಿ ನಕ್ಕಳು. ಎಲ್ಲರೂ ನಕ್ಕು ತೊಟ್ಟಿಲು ತೂಗಿದರು.

ಮರಳಿ ಬರುವಾಗ ಗಂಡಹೆಂಡತಿ ಹಳಿಯ ಪಕ್ಕದ ಕಾಲುದಾರಿ ಹಿಡಿದರು. ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದರು. ಭೀಮವ್ವ ಮುಂದೆ, ಅವನು ಹಿಂದೆ. ಉಪಕಾರ ಮಾಡಿದಿ ಎನ್ನಬೇಕೆಂದಿದ್ದ. ಅವಳು ಉಳಿಸಿದ್ದು ತನ್ನನ್ನಲ್ಲ, ಆ ಕೂಸನ್ನು ಎಂಬುದು ಅವಳ ಬೆನ್ನು ನೋಡಿಯೇ ತಿಳಿದು ಬಾಯಿ ಮುಚ್ಚಿಕೊಂಡ. ಸ್ವಲ್ಪ ದೂರ ಹೋದ ಮೇಲೆ ಅವಳು ನಿಂತು, ಅವನು ಹತ್ತಿರ ಬರುವ ತನಕ ಕಾದು, ಕೈಯಲ್ಲಿದ್ದ ಬುತ್ತಿಯ ಗಂಟನ್ನು ಅವನಿಗೆ ಕೊಟ್ಟಳು.

“ಭಾರ ಆಗ್ಯಾದ. ಹಿಡೀರಿ” ಎಂದಳು.

ಅವನು ಹಿಡಿದುಕೊಂಡ. ಇಬ್ಬರೂ ಘೋರಪಡಿಯ ತನಕ ನಡೆದರು.